ಓಣಂ ಬಂಪರ್ ಟಿಕೆಟ್ ಕೊಳ್ಳುವ ಮೊದಲು

ಪ್ರಶ್ನೆ: ನಮ್ಮೂರಿಗೆ ಕೇರಳದ ಗಡಿ ದೂರವಿಲ್ಲ. ಓಣಂ ಬಂಪರ್ 25 ಕೋಟಿ ಎಂದು ಪ್ರತಿ ವರ್ಷ ಕೇಳುತ್ತೇವೆ. ಕರ್ನಾಟಕದವರು ಆ ಟಿಕೆಟ್ ಕೊಳ್ಳಬಹುದೇ? ಹೊಡೆದರೆ ಹಣ ನಿಜಕ್ಕೂ ಕೈಗೆ ಬರುತ್ತದೆಯೇ? ಎಷ್ಟು ಬರುತ್ತದೆ?
– ಓದುಗರು, ದಕ್ಷಿಣ ಕನ್ನಡ

ಉತ್ತರ: ಕೊಳ್ಳಬಹುದು, ಆದರೆ ಕೇರಳಕ್ಕೇ ಹೋಗಿ ಕೊಳ್ಳಬೇಕು. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ನಿಷಿದ್ಧ. ಬೇರೆ ರಾಜ್ಯದ ಲಾಟರಿಯನ್ನು ತನ್ನ ಗಡಿಯೊಳಗೆ ಮಾರದಂತೆ ತಡೆಯುವ ಅಧಿಕಾರವನ್ನು 1998ರ ಲಾಟರಿ ನಿಯಂತ್ರಣ ಕಾಯ್ದೆ ರಾಜ್ಯಗಳಿಗೆ ಕೊಟ್ಟಿದೆ. ಹಾಗಾಗಿ ಮಂಗಳೂರಿನಲ್ಲೋ ಮೈಸೂರಿನಲ್ಲೋ ಯಾರಾದರೂ ಗುಟ್ಟಾಗಿ ಕೇರಳದ ಟಿಕೆಟ್ ಕೊಡಲು ಬಂದರೆ ಅದು ಕಾನೂನುಬಾಹಿರ ಮಾರಾಟ, ಟಿಕೆಟ್ಟೇ ನಕಲಿಯಾಗಿದ್ದರೂ ಆಶ್ಚರ್ಯವಿಲ್ಲ. ಕಾಸರಗೋಡಿಗೋ ವಯನಾಡಿಗೋ ಹೋದಾಗ ಅಂಗಡಿಯಲ್ಲಿ ಕೊಂಡ ಟಿಕೆಟ್‌ಗೆ ಬಹುಮಾನ ಬಂದರೆ, ನೀವು ಯಾವ ರಾಜ್ಯದವರು ಎಂಬುದು ಅಡ್ಡಿಯಾಗುವುದಿಲ್ಲ. 2024ರ ಓಣಂ ಬಂಪರ್‌ನ 25 ಕೋಟಿ ಹೋದದ್ದು ಮಂಡ್ಯ ಜಿಲ್ಲೆಯ ಒಬ್ಬ ಮೆಕ್ಯಾನಿಕ್‌ಗೆ. ಆ ಟಿಕೆಟ್ ಮಾರಾಟವಾದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ.

ಕೇರಳ ಸರ್ಕಾರ 1967ರಲ್ಲೇ ಲಾಟರಿಗೆಂದು ಒಂದು ಇಲಾಖೆ ಕಟ್ಟಿತು. ಆಗ ಟಿಕೆಟ್ ಬೆಲೆ ಒಂದು ರೂಪಾಯಿ, ಮೊದಲ ಬಹುಮಾನ 50 ಸಾವಿರ. 1968ರ ಜನವರಿ 26ರಂದು ಮೊದಲ ಡ್ರಾ ನಡೆಯಿತು. ಈಗ ವಾರದ ಲಾಟರಿಗಳ ಜೊತೆಗೆ ವರ್ಷಕ್ಕೆ ಆರು ಬಂಪರ್‌ಗಳಿವೆ. ಆರಕ್ಕಿಂತ ಹೆಚ್ಚು ಬಂಪರ್ ಡ್ರಾ ನಡೆಸಲು ಕಾಯ್ದೆಯೇ ಬಿಡುವುದಿಲ್ಲ. ಅವುಗಳಲ್ಲಿ ದೊಡ್ಡದು ತಿರುವೋಣಂ ಬಂಪರ್, ಅಂದರೆ ನೀವು ಕೇಳಿದ ಓಣಂ ಬಂಪರ್. 2022ರಿಂದ ಅದರ ಟಿಕೆಟ್‌ಗೆ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ.

ಆಟದಲ್ಲಿ ಕಲಿಯಬೇಕಾದ ಜಾಣ್ಮೆ ಏನೂ ಇಲ್ಲ. ಟಿಕೆಟ್ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳ ಸೀರೀಸ್, ಅದರ ಮುಂದೆ ಆರು ಅಂಕಿ ಇರುತ್ತವೆ. ಸೀರೀಸ್ ಮತ್ತು ಅಂಕಿ ಎರಡೂ ಹೊಂದಿದರೆ ಮೊದಲ ಬಹುಮಾನ. ಅಂಕಿ ಅದೇ ಇದ್ದು ಸೀರೀಸ್ ಬೇರೆಯಾದರೆ ಸಮಾಧಾನಕರ ಬಹುಮಾನ. ಸಣ್ಣ ಬಹುಮಾನಗಳಿಗೆ ಕೊನೆಯ ನಾಲ್ಕು ಅಂಕಿ ನೋಡುತ್ತಾರೆ. ‘ಲಕ್ಕಿ ನಂಬರ್’ ಹೇಳುತ್ತೇನೆ ಎಂದು ದುಡ್ಡು ಕೇಳುವವರನ್ನು ದಯವಿಟ್ಟು ನಂಬಬೇಡಿ. 2024ರಲ್ಲಿ 70 ಲಕ್ಷಕ್ಕೂ ಹೆಚ್ಚು ಓಣಂ ಟಿಕೆಟ್ ಮಾರಾಟವಾದವು, ಮೊದಲ ಬಹುಮಾನ ಇದ್ದದ್ದು ಒಂದೇ. 2011ರ ಜನಗಣತಿಯಲ್ಲಿ ನಿಮ್ಮ ಜಿಲ್ಲೆಯ ಜನಸಂಖ್ಯೆ ಸುಮಾರು 21 ಲಕ್ಷ. ಅದರ ಮೂರು ಪಟ್ಟಿಗೂ ಹೆಚ್ಚು ಜನರ ಹೆಸರು ಬರೆದು ಒಂದು ಚೀಟಿ ಎತ್ತಿದರೆ ಅದು ನಿಮ್ಮದೇ ಆಗಿರುವ ಸಾಧ್ಯತೆ ಎಷ್ಟೋ, ಇಲ್ಲೂ ಅಷ್ಟೇ. ಹತ್ತು ಟಿಕೆಟ್ ಕೊಂಡರೂ ಸಾಧ್ಯತೆ ಲೆಕ್ಕಕ್ಕೆ ಸಿಗುವಷ್ಟೇನೂ ಹೆಚ್ಚುವುದಿಲ್ಲ, 5,000 ರೂಪಾಯಿ ಮಾತ್ರ ಹೋಗಿರುತ್ತದೆ.

ಅದೃಷ್ಟ ನಿಮ್ಮ ಕೈಯಲ್ಲಿಲ್ಲ, ಟಿಕೆಟ್ ಕೈಯಲ್ಲಿದೆ. ಎಚ್ಚರ ಬೇಕಾದದ್ದು ಅಲ್ಲಿ. ಅಂಗಡಿಯಿಂದ ಹೊರಗೆ ಬಂದೊಡನೆ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ. ಸಹಿಯಿಲ್ಲದ ಟಿಕೆಟ್ ಕಳೆದುಹೋದರೆ ಅದು ನಿಮ್ಮದೆಂದು ಸಾಧಿಸುವುದು ಬಹಳ ಕಷ್ಟ. ಹರಿದ, ನೆನೆದ, ತಿದ್ದಿದ ಟಿಕೆಟ್‌ಗೆ ಬಹುಮಾನ ಕೈತಪ್ಪಬಹುದು. ನಾಲ್ಕೈದು ಜನ ಸೇರಿ ಕೊಳ್ಳುವುದಾದರೆ ಯಾರ ಪಾಲು ಎಷ್ಟು ಎಂದು ಆಗಲೇ ಬರೆದಿಟ್ಟು ಎಲ್ಲರೂ ಸಹಿ ಹಾಕಿ. 2023ರಲ್ಲಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಡಿಯಲ್ಲಿ ಮನೆಮನೆಯ ಕಸ ಸಂಗ್ರಹಿಸುವ ಹಸಿರು ಕರ್ಮ ಸೇನೆಯ 11 ಹೆಂಗಸರು ಚಿಲ್ಲರೆ ಕೂಡಿಸಿ 250 ರೂಪಾಯಿಯ ಮಾನ್ಸೂನ್ ಬಂಪರ್ ಕೊಂಡಿದ್ದರು. ಬಂದದ್ದು 10 ಕೋಟಿ. ಅಷ್ಟು ಹಣ ಎದುರಿಗೆ ಬಂದಾಗ ಬಾಯಿಮಾತಿನ ಒಪ್ಪಂದ ಎಲ್ಲ ಕಡೆಯೂ ನಿಲ್ಲುತ್ತದೆ ಎನ್ನಲಾಗದು.

ಗೆದ್ದಾಗ ಅಂಗಡಿಯವರ ಮಾತನ್ನಾಗಲಿ ಫೋನಿಗೆ ಬಂದ ಚಿತ್ರವನ್ನಾಗಲಿ ನೆಚ್ಚದೆ, ಕೇರಳ ಸರ್ಕಾರದ ರಾಜ್ಯಪತ್ರದಲ್ಲಿ ಪ್ರಕಟವಾದ ಫಲಿತಾಂಶದೊಂದಿಗೆ ತಾಳೆ ನೋಡಿ. ಡ್ರಾ ಆದ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು. 5,000 ರೂಪಾಯಿವರೆಗಿನ ಬಹುಮಾನವನ್ನು ಕೇರಳದ ಯಾವ ಲಾಟರಿ ಅಂಗಡಿಯಲ್ಲಾದರೂ ಪಡೆಯಬಹುದು. ಅದಕ್ಕಿಂತ ಹೆಚ್ಚಾದರೆ ಲಾಟರಿ ಕಚೇರಿ ಅಥವಾ ಬ್ಯಾಂಕ್ ಮೂಲಕ. ಒಂದು ಲಕ್ಷ ದಾಟಿದ ಬಹುಮಾನದ ಅರ್ಜಿ ತಿರುವನಂತಪುರದ ನಿರ್ದೇಶನಾಲಯಕ್ಕೆ ಹೋಗುತ್ತದೆ. ಅರ್ಜಿಯ ಜೊತೆ ಮೂಲ ಟಿಕೆಟ್, ಅದರ ಎರಡೂ ಬದಿಯ ಜೆರಾಕ್ಸ್, ದೃಢೀಕರಿಸಿದ ಭಾವಚಿತ್ರ, ಗುರುತಿನ ಚೀಟಿ, ರೆವೆನ್ಯೂ ಸ್ಟ್ಯಾಂಪ್ ಹಚ್ಚಿದ ರಸೀದಿ ಬೇಕು. ದೊಡ್ಡ ಬಹುಮಾನವಾದರೆ ಟಿಕೆಟನ್ನು ಮನೆಯಲ್ಲಿ ಇಟ್ಟುಕೊಳ್ಳದೆ ನಿಮ್ಮ ಬ್ಯಾಂಕಿಗೆ ಒಪ್ಪಿಸಿ, ರಸೀದಿ ಪಡೆದು, ಅವರ ಮೂಲಕವೇ ಅರ್ಜಿ ಹಾಕುವುದು ಕ್ಷೇಮ. ಟಿಕೆಟ್‌ನ ಫೋಟೊ ಯಾರಿಗೂ ಕಳಿಸಬೇಡಿ.

ಇನ್ನು ಕೈಗೆ ಬರುವ ಮೊತ್ತ. 25 ಕೋಟಿಯಲ್ಲಿ ಮೊದಲು ಶೇ 10, ಅಂದರೆ ಎರಡೂವರೆ ಕೋಟಿ, ಏಜೆಂಟ್ ಕಮಿಷನ್. ಉಳಿದ 22.5 ಕೋಟಿಗೆ ಶೇ 30ರಂತೆ 6.75 ಕೋಟಿ ಆದಾಯ ತೆರಿಗೆಯನ್ನು ಇಲಾಖೆಯೇ ಮುರಿದುಕೊಳ್ಳುತ್ತದೆ. ಖಾತೆಗೆ ಬೀಳುವುದು 15.75 ಕೋಟಿ. ಬಹಳ ಜನ ತೆರಿಗೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ, ಮುಗಿದಿರುವುದಿಲ್ಲ. ಆ ತೆರಿಗೆಯ ಮೇಲೆ ಸರ್‌ಚಾರ್ಜ್, ಶೇ 4ರ ಸೆಸ್ ಇದ್ದು, ಅದನ್ನು ಗೆದ್ದವರೇ ಕಟ್ಟಬೇಕು. ಎಲ್ಲ ಕಳೆದ ಮೇಲೆ ಉಳಿಯುವುದು ಹದಿಮೂರು ಕೋಟಿಯ ಆಸುಪಾಸು. ಖಾತೆ ನೋಡಿ ಪೂರ್ತಿ ಖರ್ಚು ಮಾಡಿಬಿಟ್ಟರೆ ಆಮೇಲೆ ಎರಡು ಕೋಟಿಗೂ ಹೆಚ್ಚಿನ ಬಾಕಿ ಎದುರಿಗೆ ನಿಲ್ಲುತ್ತದೆ. ಹಣ ಬಂದ ವಾರದಲ್ಲೇ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಅವರನ್ನು ನೋಡಿ.

ಹಣದಷ್ಟೇ ಗಂಭೀರವಾದ ಇನ್ನೊಂದು ಮಾತು ಸುದ್ದಿಯದು. 2022ರಲ್ಲಿ 25 ಕೋಟಿ ಗೆದ್ದ ತಿರುವನಂತಪುರದ ಆಟೊ ಚಾಲಕರೊಬ್ಬರು ಸಹಾಯ ಕೇಳಿ ಬರುವವರ ಕಾಟಕ್ಕೆ ಸ್ವಂತ ಮನೆಯಲ್ಲಿ ಇರಲಾಗದೆ, ಮೊದಲ ಬಹುಮಾನ ಬರಬಾರದಿತ್ತು ಎಂದು ವರದಿಗಾರರ ಮುಂದೆಯೇ ನೊಂದುಕೊಂಡರು. ಬಳಿಕ ಕೇರಳದ ಇಲಾಖೆ ಗೆದ್ದವರಿಗೆ ಹಣ ನಿರ್ವಹಣೆಯ ತರಬೇತಿ ಕೊಡಲು ಶುರುಮಾಡಿತು, ಅದೊಂದು ಒಳ್ಳೆಯ ಕೆಲಸ. ಹೆಸರು ಪ್ರಕಟಿಸಬೇಡಿ ಎಂದು ಕೋರಿಕೊಂಡವರೂ ಇದ್ದಾರೆ. ನೀವೂ ಹಾಗೆ ಕೇಳಿಕೊಳ್ಳಿ, ಸಂಕೋಚಪಡಬೇಡಿ.

ಕೇರಳ ಲಾಟರಿ ಕಾಗದದ ಟಿಕೆಟ್ ಮಾತ್ರ. ವಾಟ್ಸಾಪ್‌ನಲ್ಲಿ, ಆ್ಯಪ್‌ನಲ್ಲಿ ಅದನ್ನು ಮಾರುವವರು ಮೋಸಗಾರರು. ಅಮೆರಿಕದ ಜಾಕ್‌ಪಾಟ್ ಎಂಬ ಆಮಿಷವೂ ಬರುತ್ತದೆ. ಲಾಟರಿ ಟಿಕೆಟ್‌ಗಾಗಿ ಭಾರತದಿಂದ ವಿದೇಶಕ್ಕೆ ಹಣ ಕಳಿಸುವುದನ್ನು ವಿದೇಶಿ ವಿನಿಮಯದ ನಿಯಮಗಳೇ ನಿಷೇಧಿಸಿವೆ. ಬಹುಮಾನ ಬಿಡುಗಡೆಗೆ ಮುಂಗಡ ತೆರಿಗೆ ಕಟ್ಟಿ, ಶುಲ್ಕ ಕಳಿಸಿ ಎಂದು ಯಾರು ಫೋನ್ ಮಾಡಿದರೂ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರಿಗಾಗಿಯೇ ಇರುವ ಸಹಾಯವಾಣಿ.