ಬೇಡುವವರೂ ನೀಡುವವರೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ರೂಢಿಯುಂಟು. ಆದರೆ ಯಾರಿಗೆ ನೀಡುತ್ತಾರೆಂಬುದನ್ನು ಸ್ವಲ್ಪ ಶೋಧಿಸಿ ನೋಡಿರಿ. ಎಲ್ಲಮ್ಮನ ಜಗವನ್ನು ಹೊತ್ತು ಚೌಡಿಕೆಯೊಡನೆ ಬರುವ ಜೋಗತಿಗೆ ಮೊರದಿಂದ ಜೋಳ ಸುರಿಯುವವರು, ಯಾವ ದೇವರ ಗುರುತೂ ಇಲ್ಲದೆ ಬಂದ ಮುದುಕಿಗೆ, ಮುಂದಕ್ಕೆ ಹೋಗು ಅನ್ನುತ್ತಾರೆ. ಮೊದಲನೆಯವಳಿಗೆ ಕೊಡಿಸುವದು ಶಾಪದ ಅಂಜಿಕೆ. ಎರಡನೆಯವಳಿಗೆ ಅಂಜುವ ಕಾರಣವಿಲ್ಲ. ಹಸಿವೆಯಾದರೋ ಇಬ್ಬರಿಗೂ ಒಂದೇ. ಆ ಜೋಗತಿಯೂ ಸುಖವಾಗಿ ಬೇಡುವವಳಲ್ಲ. ಮುತ್ತು ಕಟ್ಟುವದನ್ನು 1982ರ ಕಾಯಿದೆಯು ನಿಷೇಧಿಸಿತು; ಅದಕ್ಕೆ ಮುಂಚೆ ಕಟ್ಟಿಸಿಕೊಂಡವರು ಈಗ ವೃದ್ಧೆಯರಾಗಿದ್ದಾರೆ.

1975ರ ಭಿಕ್ಷಾಟನೆ ನಿಷೇಧದ ಕಾಯಿದೆಯಲ್ಲಿಯೂ ಇದೇ ಭೇದವುಂಟು. ಹೊಟ್ಟೆಗಾಗಿ ಬೇಡುವದು ಅಪರಾಧ. ರೂಢಿಯ ಹರಕೆಗಾಗಿ, ಉಪದ್ರವ ಕೊಡದೆ ಬೇಡುವದು ಅಲ್ಲ. ಜನರ ಮನಸ್ಸೇ ಅಲ್ಲಿ ಅಕ್ಷರರೂಪ ಹೊಂದಿತೆಂದು ನಮಗೆ ತೋರುತ್ತದೆ. ಪಟ್ಟಣದ ಮನೆತೆರಿಗೆಯೊಡನೆ ಭಿಕ್ಷುಕರ ಕರವೆಂದು ನೂರಕ್ಕೆ 3ರಂತೆ ಕೊಡುವವನು, ತನ್ನ ಋಣ ತೀರಿತೆಂದು ಬಾಗಿಲು ಮುಚ್ಚುತ್ತಾನೆ. ಇವರನ್ನು ಹಿಡಿದೊಯ್ದರೆ ಸಾಕೆನ್ನುವವರೂ ಇದ್ದಾರೆ. ಹಾಗೆ ಒಯ್ದವರನ್ನು ಇರಿಸುವ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಅನೇಕರು ಸತ್ತುಹೋದರು. 2021ರಲ್ಲಿ ಸುಪ್ರೀಮ್ ಕೋರ್ಟು, ಬಡತನವೇ ಇವರನ್ನು ಬೀದಿಗೆ ತಂದಿದೆಯೆಂದು ಹೇಳಿ, ಬೀದಿಯಿಂದ ಓಡಿಸುವ ಆಜ್ಞೆಯನ್ನು ಕೊಡಲೊಪ್ಪಲಿಲ್ಲ.

ನಮ್ಮ ಸಭೆಯವರಲ್ಲಿ ಕೆಲವರು ಥೆಸಲೋನಿಕದವರಿಗೆ ಪೌಲನು ಬರೆದದ್ದನ್ನು ಗುರಾಣಿಯಾಗಿ ಹಿಡಿಯುತ್ತಾರೆ. ಅವನು ಹೇಳಿದ್ದು ದುಡಿಯಲು ಮನಸ್ಸಿಲ್ಲದವರ ವಿಷಯ, ಶಕ್ತಿಯಿಲ್ಲದವರ ವಿಷಯವಲ್ಲ. ಬೀಡಿ ಕಟ್ಟಿ ಬೆರಳು ಸವೆದವಳೂ ಕಬ್ಬು ಕಡಿದು ಸೊಂಟ ಮುರಿದವನೂ ಯಾವ ಪಂಕ್ತಿಗೆ ಸೇರುತ್ತಾರೆ?

2019ರ ಆಗಸ್ಟಿನಲ್ಲಿ ಕೃಷ್ಣೆಯೂ ದೂಧಗಂಗೆಯೂ ಉಕ್ಕಿ ಬಂದಾಗ, ಹೊಲಮನೆಯುಳ್ಳವರೂ ಗಂಜಿ ಕೇಂದ್ರದಲ್ಲಿ ತಟ್ಟೆ ಹಿಡಿದು ನಿಂತರು. ಅವರನ್ನು ಯಾರೂ ಭಿಕ್ಷುಕರೆಂದು ಕರೆಯಲಿಲ್ಲ; ಕರೆಯಬಾರದಾಗಿತ್ತು ಸಹ. ನೆರೆಯು ಒಬ್ಬೊಬ್ಬನ ಮನೆಗೆ ಬೇರೆ ಬೇರೆ ವರುಷ ಬರುತ್ತದೆಂದು ತಿಳಿಯಿರಿ: ರೋಗವಾಗಿ, ವೈಧವ್ಯವಾಗಿ, ಮಕ್ಕಳು ಕೈಬಿಟ್ಟದ್ದಾಗಿ.

ಯೆರಿಕೋವಿನ ದಾರಿಯಲ್ಲಿ ಬಾರ್ತಿಮಾಯನನ್ನು ಗದರಿಸಿದವರು ಅನೇಕರು. ಅವನಿಗೆ ಏನು ಬೇಕೆಂದು ಕೇಳಿದವನು ಒಬ್ಬನೇ. ನೀವೂ ಕೇಳಿರಿ. ಊರು ಯಾವದು, ವಯಸ್ಸೆಷ್ಟು, ಸಂಧ್ಯಾ ಸುರಕ್ಷೆಯ ಮಾಸಾಶನ ಬರುತ್ತದೋ ಎಂದು ವಿಚಾರಿಸಿರಿ. 65 ವರುಷ ದಾಟಿದ ಬಡವರು ಅದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ವಯಸ್ಸಿನ ದಾಖಲೆಯಿಲ್ಲ, ಬ್ಯಾಂಕಿನ ಖಾತೆಯಿಲ್ಲವೆಂದು ಅವರು ಬಾಗಿಲಿನಿಂದಲೇ ಹಿಂದಿರುಗುವದುಂಟು. ಓದುಬರಹ ಬಲ್ಲ ನಮ್ಮ ಯೌವನಸ್ಥನೊಬ್ಬನು ಒಂದು ದಿನದ ಕೂಲಿ ಬಿಟ್ಟು ಸಂಗಡ ಹೋಗಬೇಕು.