ಚಲಿಸುವ ಗಾಡಿಯೂ ನಮ್ಮ ದೇಹವೂ

ನೆರೂಳ ನಿಲ್ದಾಣದಲ್ಲಿ ಲೋಕಲ್ ಗಾಡಿ ಪೂರ್ಣವಾಗಿ ನಿಲ್ಲುವ ಮುನ್ನವೇ ಇಳಿಯುವ ಪ್ರಯಾಣಿಕನ ದೇಹವೂ ಗಾಡಿಯ ವೇಗದಲ್ಲಿಯೇ ಚಲಿಸುತ್ತಿರುತ್ತದೆ. ಪಾದವನ್ನು ನೆಲದ ಘರ್ಷಣೆ ತಡೆಯುತ್ತದೆ. ಮೇಲಿನ ದೇಹವು ಮುಂದಕ್ಕೇ ಸಾಗಿ ಮುಗ್ಗರಿಸುತ್ತದೆ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೊದಲನೆಯ ನಿಯಮದ ಜಡತ್ವವೇ ಇದು.

ಗಂಟೆಗೆ 18 ಕಿಲೋಮೀಟರ್ ನಿಧಾನವೆಂದು ತೋರಬಹುದು. ಅದು ಸೆಕೆಂಡಿಗೆ 5 ಮೀಟರ್. 60 ಕಿಲೋಗ್ರಾಂ ತೂಕದ ವ್ಯಕ್ತಿಯು ಆ ವೇಗದಲ್ಲಿ ಕಂಬಕ್ಕೆ ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, ಎರಡನೆಯ ನಿಯಮದಂತೆ ದೇಹದ ಮೇಲೆ ಸರಾಸರಿ 3000 ನ್ಯೂಟನ್ ಬಲ ಬೀಳುತ್ತದೆ. ಅದು ಅವನ ತೂಕದ ಸುಮಾರು ಐದು ಪಟ್ಟು!

ಗಾಡಿಯ ದಿಕ್ಕಿನಲ್ಲಿಯೇ ಕೆಲವು ಹೆಜ್ಜೆ ಓಡಿದರೆ ನಿಲ್ಲುವ ಅವಧಿ ಹೆಚ್ಚಿ ಬಲವು ತಗ್ಗುವುದು ನಿಜ. ಆದರೆ ಜನಸಂದಣಿಯಲ್ಲಿ ಓಡಲು ಸ್ಥಳವೆಲ್ಲಿ? ಮಳೆಗಾಲದ ಒದ್ದೆ ನೆಲದಲ್ಲಿ ಘರ್ಷಣೆಯೂ ಸಾಲದು. ಆಗ ಪಾದವೇ ಮುಂದಕ್ಕೆ ಜಾರಿ, ದೇಹವು ಹಿಂದಕ್ಕೆ ಉರುಳುತ್ತದೆ. ಪಕ್ಕದಲ್ಲಿಯೇ ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಣ ತೆರಪು ಇರುತ್ತದೆ.