ಅಕ್ಕಸಾಲಿಗನ ಕೂಲಿ

ಬೆಂಗಳೂರಿನ ಮಾಮೂಲ್‌ಪೇಟೆಯ ಸುತ್ತಲಿನ ಹಳೆಯ ಪೇಟೆಗಳಲ್ಲಿ ಅಕ್ಕಸಾಲಿಗನು ಪರರ ಚಿನ್ನಕ್ಕೆ ರೂಪ ಕೊಡುವವನು. ಅವನಿಗೆ ಸಲ್ಲುವುದು ಮಜೂರಿ ಮಾತ್ರ. ಹೊಸ ವಿನ್ಯಾಸವನ್ನು ಚಿಂತಿಸುತ್ತ ಕುಳಿತ ದಿನಕ್ಕೆ ಕೂಲಿಯಿಲ್ಲ. 1963ರ ಚಿನ್ನ ನಿಯಂತ್ರಣ ನಿಯಮಗಳು ಹದಿನಾಲ್ಕು ಕ್ಯಾರೆಟ್ಟಿಗೂ ಮೇಲ್ಪಟ್ಟ ಹೊಸ ಒಡವೆಗಳ ತಯಾರಿಕೆಯನ್ನು ನಿಷೇಧಿಸಿದಾಗಲಂತೂ ದೇಶದಲ್ಲಿ ಅಸಂಖ್ಯ ಅಕ್ಕಸಾಲಿಗರ ಅಗ್ಗಿಷ್ಟಿಕೆಗಳು ಆರಿದವು.

ಮರುವರ್ಷ, ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮುಂದಾಳ್ತನದಲ್ಲಿ, ಎಲ್ಲ ಬಗೆಯ ಕುಶಲಕರ್ಮಿಗಳ ನೆರವಿಗೆಂದು ಕ್ರಾಫ್ಟ್ಸ್ ಕೌನ್ಸಿಲ್ ಆಫ್ ಇಂಡಿಯಾ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಲಾಭವನ್ನು ಬಯಸದ ಈ ಸಂಸ್ಥೆಯು ಪ್ರದರ್ಶನಗಳನ್ನು ಏರ್ಪಡಿಸುತ್ತದೆ, ಕುಶಲಕರ್ಮಿಗಳನ್ನು ಪುರಸ್ಕರಿಸುತ್ತದೆ.

ಇಂತಹ ಧರ್ಮಸಂಸ್ಥೆಯೊಂದು ಕೆಲವು ವಾರಗಳ ಕೂಲಿಯನ್ನೂ ಪ್ರಯೋಗಕ್ಕೆ ಬೇಕಾದ ಬೆಳ್ಳಿಯನ್ನೂ ಒದಗಿಸಿದರೆ, ಅಕ್ಕಸಾಲಿಗನು ತನ್ನ ಕಲ್ಪನೆಯ ಒಡವೆಯನ್ನು ತನ್ನದೇ ಹೆಸರಿನಲ್ಲಿ ಜನರ ಮುಂದಿಡಬಲ್ಲನು. ಅಂಗಡಿಯಲ್ಲಿ ಕೊಂಡ ಸರದ ಮೇಲೆ ಸಾಮಾನ್ಯವಾಗಿ ಅಕ್ಕಸಾಲಿಗನ ಹೆಸರು ಇರುವುದಿಲ್ಲ.